ಸರ್ಕಾರಿ ಮೀನು, ಬೊಟ್ಟು ಮೀನು

ಚಿಂತಾಮಣಿ ತಾಲ್ಲೂಕಿನಲ್ಲಿ ಚೆನ್ನರಾಯಪ್ಪ ಎಂದರೆ ಯಾವ ಚೆನ್ನರಾಯಪ್ಪ ಎಂದು ಕೇಳುತ್ತಿದ್ದರು. ಮೀನಿನ ಚೆನ್ನರಾಯಪ್ಪ ಎಂದರೆ ಸಾಕು, ಕೆಂಚಾರ್ಲಹಳ್ಳಿಯಿಂದ ಅಂಬಾಜಿದುರ್ಗದ ಬುಡದವರೆಗೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅವರು ಮೀನು ಹಿಡಿಯುವವರಲ್ಲ, ಮಾರುವವರೂ ಅಲ್ಲ, ಬಿಡುವವರು. ಮಲೇರಿಯಾ ವಿಭಾಗದ ಕೆಳದರ್ಜೆಯ ನೌಕರರಾಗಿ ಇಪ್ಪತ್ತಾರು ವರ್ಷ ಸೈಕಲ್ಲಿನ ಕ್ಯಾರಿಯರಿಗೆ ತಗಡಿನ ಡಬ್ಬ ಬಿಗಿದುಕೊಂಡು, ಬಾವಿ, ಕುಂಟೆ, ಹಳ್ಳಗಳಿಗೆ ಮೀನುಮರಿ ಸುರಿಯುತ್ತ ತಿರುಗಿದವರು. ಇಷ್ಟು ವರ್ಷ ಮೀನಿನ ಜೊತೆ ಬಾಳಿದ ಗಂಡಸು ಸಾರಿಗಾಗುವಂಥ ಒಂದೇ ಒಂದು ಮೀನನ್ನು ಮನೆಗೆ ತರಲಿಲ್ಲವಲ್ಲ ಎಂಬುದು ಹೆಂಡತಿ ಮುನಿಶಾಮಮ್ಮನ ಖಾಯಂ ದೂರು.

ಮೀನು ಬಿಡುವ ಈ ಕೆಲಸ ಹುಟ್ಟಿದ್ದು ರೇಷ್ಮೆಯಿಂದ. ಬೇರೆ ಕಡೆ ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದರು. ಇಲ್ಲಿ ಮನೆಮನೆಯಲ್ಲೂ ತಟ್ಟೆಗಳ ತುಂಬ ಹುಳು. ಬೆನ್ನಿಗೆ ಪಂಪು ಹೊತ್ತವರು ಊರಿಗೆ ಕಾಲಿಟ್ಟರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೊಳ್ಳೆಯ ಜೊತೆಗೆ ಹುಳುವೂ ಸತ್ತರೆ ಹೊಟ್ಟೆಗೇನು ಮಾಡುವುದು? ಕೊನೆಗೆ ಮೇಲಿನವರು ಒಂದು ದಾರಿ ಹುಡುಕಿದರು. ಗಂಬೂಸಿಯಾ ಎಂಬ ಬೂದುಬಣ್ಣದ ಪುಟ್ಟ ಮೀನನ್ನು ನೀರಿಗೆ ಬಿಟ್ಟರೆ ಅದು ಸೊಳ್ಳೆಮರಿಗಳನ್ನು ತಿಂದು ಮುಗಿಸುತ್ತದೆ, ಹುಳುವಿನ ತಂಟೆಗೆ ಬರುವುದಿಲ್ಲ. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊರಳದೆ ಜನ ಅದನ್ನು ಸರ್ಕಾರಿ ಮೀನು ಎಂದು ಕರೆದರು. ಸರ್ಕಾರದ ಬೇರೆ ಯಾವ ಯೋಜನೆಯೂ ಈ ಸೀಮೆಯಲ್ಲಿ ಅಷ್ಟು ವೇಗವಾಗಿ ಮರಿ ಹಾಕಲಿಲ್ಲ.

ಮೀನು ಬೆಳೆಸುವ ತೊಟ್ಟಿ ಆಸ್ಪತ್ರೆಯ ಹಿತ್ತಲಲ್ಲಿತ್ತು. ಅದಕ್ಕೆ ಹಳ್ಳದ ನೀರು ತುಂಬಿಸುವಾಗ ಊರ ಮೀನುಗಳೂ ಸೇರಿಕೊಂಡು ಬರುತ್ತಿದ್ದವು. ಅವನ್ನು ಆರಿಸಿ ಬಿಸಾಡಬೇಕೆಂದು ಮೇಲಧಿಕಾರಿಯ ಅಪ್ಪಣೆ. ಅವುಗಳಲ್ಲಿ ಒಂದು ಜಾತಿ ಬೆರಳುದ್ದದ್ದು, ಚಪ್ಪಟೆ ತಲೆಯದು, ನೆತ್ತಿಯ ಮೇಲೆ ಬೆಳ್ಳಿಯ ಚೂರು ಅಂಟಿಸಿದಂತೆ ಒಂದು ಚುಕ್ಕಿ. ಹಳ್ಳಿಯವರು ಅದನ್ನು ಬೊಟ್ಟು ಮೀನು ಎನ್ನುತ್ತಿದ್ದರು. ಚೆನ್ನರಾಯಪ್ಪ ಹೇಳಿದ ಕೆಲಸ ತಪ್ಪದೆ ಮಾಡುವವರು. ಜಾಲರಿಯಲ್ಲಿ ಒಂದೊಂದನ್ನೂ ಎತ್ತಿ ಕಾಂಪೌಂಡಿನ ಮೇಲೆ ಎಸೆಯುತ್ತಿದ್ದರು. ಕಾಗೆಗಳು ಅವರ ಡ್ಯೂಟಿಯ ಹೊತ್ತು ತಿಳಿದುಕೊಂಡಿದ್ದವು. ತೊಂಬತ್ತಾರರಲ್ಲಿ ಇಲಾಖೆ ಅವರಿಗೆ ಉತ್ತಮ ಕಾರ್ಯಕರ್ತ ಎಂಬ ಪ್ರಶಸ್ತಿಪತ್ರ ಕೊಟ್ಟಿತು. ಅದು ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ತೂಗುಬಿದ್ದಿತು. ಎರಡು ಸಾವಿರದ ನಾಲ್ಕರಲ್ಲಿ ಅವರು ನಿವೃತ್ತರಾದಾಗ ಸೈಕಲ್ಲು ಇಲಾಖೆಗೆ ಹೋಯಿತು, ಡಬ್ಬ ಮನೆಗೆ ಬಂದು ಮುನಿಶಾಮಮ್ಮನ ರಾಗಿ ತುಂಬಿಸಿಕೊಂಡಿತು.

ಎರಡು ಸಾವಿರದ ಎಂಟರ ಮಳೆಗಾಲ ಮುಗಿಯುವಾಗ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಮಧುಸೂದನ್ ಚೆನ್ನರಾಯಪ್ಪನವರನ್ನು ಹುಡುಕಿಕೊಂಡು ಬಂದರು. ಮುದ್ದೇನಹಳ್ಳಿ ಕಡೆಯವರು, ಒಳ್ಳೆಯ ಮನುಷ್ಯ, ಸ್ವಲ್ಪ ಗಾಬರಿಯ ಸ್ವಭಾವ. ತಾಲ್ಲೂಕಿನ ಹಳ್ಳಗಳಲ್ಲಿರುವ ಅನ್ಯದೇಶದ ಮೀನುಗಳನ್ನು ಗುರುತಿಸುವ ಒಂದು ಪ್ರಾಜೆಕ್ಟು ಅವರಿಗೆ ಮಂಜೂರಾಗಿತ್ತು. ಜೊತೆಗಿದ್ದವಳು ಕೊನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿನಿ ಶೈಸ್ತಾ, ಟಿಪ್ಪಣಿ ಬರೆಯುವುದು ಅವಳ ಕೆಲಸ. ಎರಡು ವಾರ ಇಬ್ಬರೂ ಬಲೆ ಹಾಕಿ, ದಪ್ಪ ಪುಸ್ತಕ ಬಿಚ್ಚಿಕೊಂಡು ಹಳ್ಳದ ದಂಡೆಯಲ್ಲಿ ಕೂತಿದ್ದರು. ಪುಸ್ತಕದ ಮೀನುಗಳೆಲ್ಲ ಪಕ್ಕಕ್ಕೆ ತಿರುಗಿ, ರೆಕ್ಕೆ ಬಿಚ್ಚಿ, ಫೋಟೋಗೆ ನಿಂತಂತೆ ಇದ್ದವು. ಹಳ್ಳದ ಮೀನುಗಳಿಗೆ ಆ ಶಿಸ್ತು ಇರಲಿಲ್ಲ. ಎರಡು ವಾರಕ್ಕೆ ಖಚಿತವಾಗಿ ಹೆಸರು ಹೇಳಲಾದದ್ದು ಮೂರಕ್ಕೆ; ಅದರಲ್ಲಿ ಒಂದು ಕಪ್ಪೆಮರಿ. ಕೊನೆಗೆ ಆಸ್ಪತ್ರೆಯಲ್ಲಿ ಯಾರೋ ಚೆನ್ನರಾಯಪ್ಪನವರ ವಿಳಾಸ ಕೊಟ್ಟಿದ್ದರು.

ಮಾರನೆಯ ಬೆಳಿಗ್ಗೆ ಅಂಬಾಜಿದುರ್ಗದ ಕೆಳಗಿನ ಹಳ್ಳದಲ್ಲಿ ಚೆನ್ನರಾಯಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಅಂಗೈ ಒದ್ದೆ ಮಾಡಿಕೊಂಡು ಒಂದೊಂದೇ ಮೀನನ್ನು ಅದರ ಮೇಲೆ ಮಲಗಿಸಿ ಹೇಳುತ್ತ ಹೋದರು. ಬೆನ್ನಿನ ಮೇಲೆ ಮುಳ್ಳು ನಿಂತ ಅಗಲದ್ದು ಜಿಲೇಬಿ, ಅಂದರೆ ತಿಲಾಪಿಯಾ. ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಸಾಕುವುದರಿಂದ ಎಲ್ಲಿ ಹೋದರೂ ಸಂಸಾರ ಹೂಡುತ್ತದೆ. ನಾಲ್ಕು ಜೊತೆ ಮೀಸೆ, ಮೈಮೇಲೆ ಮಸಿ ಚೆಲ್ಲಿದಂಥ ಕಲೆ ಇದ್ದದ್ದು ಆಫ್ರಿಕಾದ ಕ್ಯಾಟ್‌ಫಿಶ್. ಸಾಕಬಾರದೆಂದು ಆದೇಶವಾದ ಮೇಲೂ ಗುಂಡಿ ತೋಡಿ ಸಾಕುತ್ತಿದ್ದವರ ಹತ್ತಿರದಿಂದ ಮಳೆ ಬಂದಾಗ ತಪ್ಪಿಸಿಕೊಂಡು ಬಂದಿತ್ತು. ಶೈಸ್ತಾ ಬರೆದುಕೊಳ್ಳುತ್ತಿದ್ದಳು. ಮೇಷ್ಟ್ರು ಪುಸ್ತಕದ ಪುಟ ತಿರುಗಿಸಿ ನೋಡಿ, ಹೌದು ಹೌದು ಎನ್ನುತ್ತಿದ್ದರು. ಆಮೇಲೆ ಅಂಗೈ ಮೇಲೆ ಒಂದು ಪುಟ್ಟ ಬೂದು ಮೀನು ಬಂತು. ಹೊಟ್ಟೆಯ ಕೊನೆಯಲ್ಲಿ ಕಪ್ಪು ಮಚ್ಚೆ ಇದ್ದರೆ ಬಸುರಿ ಹೆಣ್ಣು, ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ಗಂಡಿಗಾದರೆ ಅಡಿರೆಕ್ಕೆ ಸೂಜಿಯ ಹಾಗೆ ಇರುತ್ತದೆ ಎಂದು ಚೆನ್ನರಾಯಪ್ಪ ವಿವರಿಸಿದರು.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಮೇಷ್ಟ್ರು ಕೇಳಿದರು.

"ನಾನೇ ಬಿಟ್ಟಿದ್ದು ಸಾರ್," ಎಂದರು ಚೆನ್ನರಾಯಪ್ಪ. ದನಿಯಲ್ಲಿ ಹೆಮ್ಮೆ ಇತ್ತು.

ಮೇಷ್ಟ್ರಿಗೆ ಇಕ್ಕಟ್ಟಾಯಿತು. ಅವರ ಪಟ್ಟಿಯಲ್ಲಿ ಗಂಬೂಸಿಯಾ ಎಲ್ಲಕ್ಕಿಂತ ಮೇಲಿತ್ತು, ಹೆಸರಿನ ಎದುರಿಗೆ 'ಅತ್ಯಂತ ಅಪಾಯಕಾರಿ' ಎಂದು ಬರೆದಿತ್ತು. ಅಮೆರಿಕದಿಂದ ಬಂದ ಮೀನು ಇದು, ಬೇರೆ ಮೀನುಗಳ ಮೊಟ್ಟೆ ಮರಿ ತಿನ್ನುತ್ತದೆ, ದೊಡ್ಡವುಗಳ ರೆಕ್ಕೆ ಕಚ್ಚಿ ಹರಿಯುತ್ತದೆ, ಇದು ಹೊಕ್ಕ ನೀರಿನಲ್ಲಿ ಊರ ಮೀನುಗಳು ಉಳಿಯುವುದು ಕಷ್ಟ ಎಂದು ಆದಷ್ಟು ಮೆತ್ತಗೆ ಹೇಳಿದರು. ಚೆನ್ನರಾಯಪ್ಪ ಪೂರ್ತಿ ಕೇಳಿಸಿಕೊಂಡರು. ಸೊಳ್ಳೆಮರಿ ತಿನ್ನುವುದಾದರೂ ನಿಜ ತಾನೇ ಎಂದು ಕೇಳಿದರು. ನಿಜವೇ, ಆದರೆ ಅದಕ್ಕೆ ಪರದೇಶದ ಮೀನೇ ಬೇಕಿರಲಿಲ್ಲ, ಇಲ್ಲಿನದೇ ಒಂದು ಮೀನು ಮೊದಲಿನಿಂದ ಆ ಕೆಲಸ ಮಾಡುತ್ತಿತ್ತು ಎಂದ ಮೇಷ್ಟ್ರು ಪುಸ್ತಕದಲ್ಲಿ ಒಂದು ಪುಟ ತೆಗೆದು ತೋರಿಸಿದರು. ಚಪ್ಪಟೆ ತಲೆ, ನೆತ್ತಿಯ ಮೇಲೆ ಬೆಳ್ಳಿಚುಕ್ಕಿ.

ಚೆನ್ನರಾಯಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅಂಗೈಯಲ್ಲಿದ್ದ ಮೀನನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ. ನೀರಿಗೆ ಬಿಡುವಂತಿಲ್ಲ, ಬಿಸಾಡಲು ಕೈ ಬರದು. ಕೊನೆಗೆ ಅದನ್ನು ಶೈಸ್ತಾಳ ಬಾಟಲಿಗೆ ಹಾಕಿ ದಂಡೆಗೆ ಬಂದು ಕೂತರು.

ಸಂಜೆ ಮುನಿಶಾಮಮ್ಮ ನೋಡಿದರೆ ಗೋಡೆಯಲ್ಲಿ ಪ್ರಶಸ್ತಿಪತ್ರ ಇರಲಿಲ್ಲ. ಅದನ್ನು ಗೋಡೆಗೆ ಮುಖ ಮಾಡಿ ಕೆಳಗಿಟ್ಟು ಗಂಡ ಕೂತಿದ್ದರು. ವಿಷಯ ತಿಳಿದ ಮೇಲೆ ಆಕೆ ಪಕ್ಕದಲ್ಲಿ ಕೂತರು. ಮೇಲಿನವರು ಮಾಡೆಂದರು, ನೀವು ಮಾಡಿದಿರಿ, ಜ್ವರ ಕಮ್ಮಿಯಾದದ್ದು ಸುಳ್ಳಲ್ಲ ಎಂದು ಸಮಾಧಾನ ಮಾಡಿದರು. ಆಮೇಲೆ, ಅಲ್ಲಿ ಸುಣ್ಣ ಹೊಡೆದಿಲ್ಲ, ಗೋಡೆಯಲ್ಲಿ ಚೌಕ ಕಾಣಿಸುತ್ತದೆ ಎಂದು ಪತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಚೆನ್ನರಾಯಪ್ಪ ಅಷ್ಟಕ್ಕೆ ಬಿಡಲಿಲ್ಲ. ನಾನು ಮೀನು ಬಿಟ್ಟ ಜಾಗಗಳನ್ನೆಲ್ಲ ತೋರಿಸುತ್ತೇನೆ, ಬೊಟ್ಟು ಮೀನು ಎಲ್ಲಾದರೂ ಉಳಿದಿದೆಯೋ ನೋಡೋಣ ಎಂದು ಮೇಷ್ಟ್ರಿಗೆ ತಾವಾಗಿಯೇ ಹೇಳಿದರು. ಮೇಷ್ಟ್ರು ಹಳೆಯ ರಿಜಿಸ್ಟರಿನ ಜೆರಾಕ್ಸ್ ತರಿಸಿದರು. ಚೆನ್ನರಾಯಪ್ಪನವರ ದುಂಡನೆಯ ಅಕ್ಷರದಲ್ಲಿ ಮೂವತ್ತೊಂದು ಜಾಗಗಳು, ಪ್ರತಿಯೊಂದರ ಮುಂದೆ ವರ್ಷ ವರ್ಷವೂ 'ಮೀನುಗಳು ಚೆನ್ನಾಗಿವೆ' ಎಂಬ ಷರಾ. ಮೂವರೂ ಒಂದೂವರೆ ತಿಂಗಳು ತಿರುಗಿದರು. ಅರ್ಧದಷ್ಟು ಬಾವಿಗಳು ಬತ್ತಿಹೋಗಿದ್ದವು, ಕೆಲವು ಕಸ ತುಂಬಿಸಿಕೊಂಡು ಸಮತಟ್ಟಾಗಿದ್ದವು. ನೀರಿದ್ದ ಕಡೆಯಲ್ಲೆಲ್ಲ ಸರ್ಕಾರಿ ಮೀನು ನಿಜಕ್ಕೂ ಬಹಳ ಚೆನ್ನಾಗಿತ್ತು. ಬಲೆ ಎತ್ತಿದಾಗಲೆಲ್ಲ ಮೇಷ್ಟ್ರ ಮುಖ ಅರಳುತ್ತಿತ್ತು, ಪ್ರಾಜೆಕ್ಟಿಗೆ ಇನ್ನೊಂದು ಪುರಾವೆ ಸಿಕ್ಕಿತೆಂದು. ಚೆನ್ನರಾಯಪ್ಪ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಬೊಟ್ಟು ಮೀನು ಎಲ್ಲೂ ಇರಲಿಲ್ಲ.

ಪಟ್ಟಿಯಲ್ಲಿ ಹತ್ತೊಂಬತ್ತನೆಯದು ಮಾತ್ರ ಉಳಿಯಿತು: ನಲ್ಲಬಂಡಹಳ್ಳಿ, ಪಟೇಲರ ಮೆಟ್ಟಿಲು ಬಾವಿ. ಅದು ಒಣಗಿರುತ್ತದೆ, ಹೋಗುವುದು ದಂಡ ಎಂದು ಚೆನ್ನರಾಯಪ್ಪ ಎರಡು ಸಲ ತಪ್ಪಿಸಿದ್ದರು. ಪಟ್ಟಿ ಪೂರ್ತಿಯಾಗಬೇಕು ಎಂದು ಶೈಸ್ತಾ ಹಟ ಹಿಡಿದಳು. ಬೇರೆ ದಾರಿಯಿಲ್ಲದೆ ಅವರೂ ಹೊರಟರು.

ಆ ಬಾವಿಗೆ ಅವರು ಹದಿನೈದು ವರ್ಷಗಳ ಹಿಂದೆ, ತೊಂಬತ್ತಮೂರರಲ್ಲಿ, ಒಂದು ಸಲ ಹೋಗಿದ್ದರು. ಚೆನ್ನರಾಯಪ್ಪ ಊರಾಚೆಯ ದಲಿತ ಕೇರಿಯಲ್ಲಿ ಹುಟ್ಟಿದವರು. ಬಹಳ ಊರುಗಳಲ್ಲಿ ಸರ್ಕಾರದ ಡಬ್ಬ ಮುಂದೆ ಹೋದರೆ ಹಿಂದೆ ಬಂದವನ ಜಾತಿಯನ್ನು ಯಾರೂ ಕೇಳುತ್ತಿರಲಿಲ್ಲ, ಅಥವಾ ಕೇಳದವರಂತೆ ಇರುತ್ತಿದ್ದರು. ನಲ್ಲಬಂಡಹಳ್ಳಿಯ ಪಟೇಲರ ಮನೆಯ ವೆಂಕಟರವಣಪ್ಪ ಕೇಳಿದರು. ಉತ್ತರ ಸಿಕ್ಕಿದ ಮೇಲೆ, ಮೆಟ್ಟಿಲು ಇಳಿಯಬೇಡ ಎಂದರು. ಹಾಗಾದರೆ ನಿಮ್ಮ ಮನೆಯವರೇ ಯಾರಾದರೂ ಮೀನು ಸುರಿಯಲಿ ಎಂದು ಚೆನ್ನರಾಯಪ್ಪ ಡಬ್ಬವನ್ನು ಕೆಳಗಿಟ್ಟರು. ನಿನ್ನ ಡಬ್ಬದ ನೀರು ನಮ್ಮ ಬಾವಿಗೆ ಬೀಳುವಂತಿಲ್ಲ ಎಂದರು ವೆಂಕಟರವಣಪ್ಪ. ಚೆನ್ನರಾಯಪ್ಪ ಇನ್ನೂರು ಮೀನನ್ನು ದಾರಿಯ ಹಳ್ಳಕ್ಕೆ ಸುರಿದು, ರಿಜಿಸ್ಟರಿನಲ್ಲಿ 'ಇನ್ನೂರು ಬಿಡಲಾಗಿದೆ' ಎಂದು ಬರೆದರು. ನಿಜ ಬರೆದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ಬೇರೊಂದು ಊರಿನ ಬಗ್ಗೆ ಬರೆದಾಗ ಮೇಲಧಿಕಾರಿ ಆ ಸಾಲಿನ ಮೇಲೆ ಕೆಂಪು ಗೀಟು ಎಳೆದು, ಇದು ಮೀನಿನ ರಿಜಿಸ್ಟರಪ್ಪ ಎಂದಿದ್ದರು.

ಈಗ ವೆಂಕಟರವಣಪ್ಪನವರಿಗೆ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಕೂತಿದ್ದರು. ಕಾಲೇಜಿನವರು ಬಂದರೆಂದು ಉಪಚಾರ ಮಾಡಿದರು. ಒಳಗಿನಿಂದ ಟೀ ಬಂತು, ಎಲ್ಲರಿಗೂ ಒಂದೇ ಥರದ ಪ್ಲಾಸ್ಟಿಕ್ ಕಪ್ಪಿನಲ್ಲಿ. ಕುಡಿದು ಎಸೆಯುವ ಕಪ್ಪು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಯಾರಿಗೆ ಯಾವ ಲೋಟ ಎಂಬ ತೊಡಕು ಯಾರ ಮನಸ್ಸನ್ನೂ ಬದಲಾಯಿಸದೆ ಬಗೆಹರಿದುಹೋಗಿತ್ತು. ಬಾವಿಯ ವಿಷಯ ಕೇಳಿದಾಗ, ಧಾರಾಳವಾಗಿ ನೋಡಿ, ಬೋರ್ ಕೊರೆಸಿದ ಮೇಲೆ ಅದರ ಕಡೆ ತಿರುಗಿದವರಿಲ್ಲ ಎಂದರು. ಯಾರು ಇಳಿಯಬೇಕು, ಯಾರು ಇಳಿಯಬಾರದು ಎಂಬ ಮಾತು ಬರಲಿಲ್ಲ. ಬೇಡವಾದ ನೀರಿಗೆ ಮೈಲಿಗೆಯೂ ಇರಲಿಲ್ಲ.

ಚೆನ್ನರಾಯಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದರು. ನೀರು ಕಪ್ಪಗೆ, ತಣ್ಣಗೆ ಇತ್ತು. ಮೇಲೆಲ್ಲ ಬೇವಿನ ಎಲೆ. ಕೊನೆಯ ಮೆಟ್ಟಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಲುಗಾಡದೆ ಕಾದರು. ಎಲೆಗಳ ನಡುವೆ ಒಂದು ಚುಕ್ಕಿ ಹೊಳೆಯಿತು, ಜರುಗಿತು. ಅದರ ಪಕ್ಕ ಇನ್ನೊಂದು. ಕಣ್ಣು ಕತ್ತಲೆಗೆ ಒಗ್ಗಿದಂತೆ ಗೋಡೆಯ ಉದ್ದಕ್ಕೂ ಚುಕ್ಕಿಗಳು ಕಂಡವು, ಎಲ್ಲ ತಮ್ಮ ಪಾಡಿಗೆ ತೇಲುತ್ತ. ಅವರಿಗೆ ಮೊದಲು ಬಂದದ್ದು ಸಂತೋಷ. ಅದರ ಹಿಂದೆಯೇ, ಇವು ಯಾಕೆ ಇಲ್ಲಿ ಮಾತ್ರ ಉಳಿದವು ಎಂಬುದು ಹೊಳೆಯಿತು. ಆ ಸಂತೋಷವನ್ನು ಎಲ್ಲಿಡಬೇಕೋ ಅವರಿಗೆ ಗೊತ್ತಾಗಲಿಲ್ಲ.

ಮೇಷ್ಟ್ರು ನಾಲ್ಕು ಸಲ ಬಲೆ ಹಾಕಿಸಿದರು. ಗಂಬೂಸಿಯಾ ಒಂದೂ ಬರಲಿಲ್ಲ. ಶೈಸ್ತಾ ಜೆರಾಕ್ಸ್ ಹಾಳೆ ನೋಡಿ, "ಅಂಕಲ್, ಇಲ್ಲಿ ಇನ್ನೂರು ಬಿಟ್ಟಿದೀನಿ ಅಂತ ನೀವೇ ಬರ್ದಿದ್ದೀರಲ್ಲ," ಎಂದಳು.

"ಬಿಡ್ಲಿಲ್ಲಮ್ಮ, ಸುಳ್ಳು ಬರ್ದೆ," ಎಂದರು ಚೆನ್ನರಾಯಪ್ಪ. "ಕೇರಿಯೋನು ಅಂತ ಮೆಟ್ಲು ಇಳಿಯಕ್ಕೆ ಬಿಡ್ಲಿಲ್ಲ ಇವ್ರು."

ಮೇಲೆ ಕಟ್ಟೆ ಹಿಡಿದು ನಿಂತಿದ್ದ ವೆಂಕಟರವಣಪ್ಪನವರಿಗೆ ಅದು ಕೇಳಿಸಿತು. ಕೆಳಗೆ ಬಗ್ಗಿ, "ನಿನ್ನನ್ನ ಒಬ್ಬನ್ನೇ ಅಲ್ಲಪ್ಪ, ನಿನ್ನ ಡಬ್ಬದ ನೀರ್ನೂ ಬಿಡ್ಲಿಲ್ಲ," ಎಂದರು. ಅದರಲ್ಲಿ ಪಶ್ಚಾತ್ತಾಪವಿತ್ತೋ, ನಡೆದದ್ದು ಸರಿಯಾಗಿ ದಾಖಲಾಗಲಿ ಎಂಬ ಕಾಳಜಿಯಿತ್ತೋ ಹೇಳುವುದು ಕಷ್ಟ. ಶೈಸ್ತಾ ಎರಡೂ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಳು.

ಮಧುಸೂದನ್ ಮೇಷ್ಟ್ರು ವರದಿಯಲ್ಲೂ ಹಾಗೆಯೇ ಬರೆದರು. ಅವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ವರದಿ ಪರಿಶೀಲನೆಗೆ ಹೋದ ಕಡೆಯಿಂದ ವಾಪಸು ಬಂತು. ವಿಜ್ಞಾನದಲ್ಲಿ ಜಾತಿ ತರಬಾರದು ಎಂಬ ಸೂಚನೆ ಅಂಚಿನಲ್ಲಿತ್ತು. ಎರಡು ಸಲ ತಿದ್ದಿದ ಮೇಲೆ ಆ ಸಾಲು ಹೀಗಾಯಿತು: 'ಸ್ಥಳೀಯ ಸಮುದಾಯದ ಪಾರಂಪರಿಕ ಸಂರಕ್ಷಣಾ ಪ್ರಜ್ಞೆಯಿಂದಾಗಿ ಈ ಬಾವಿಗೆ ಅನ್ಯದೇಶೀಯ ಮೀನಿನ ಪ್ರವೇಶವಾಗಿಲ್ಲ.'

ಮಾರನೆಯ ವರ್ಷ ಚಿಕ್ಕಬಳ್ಳಾಪುರದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಜಿಲ್ಲೆಯ ಅಪರೂಪದ ಮೀನನ್ನು ಉಳಿಸಿದ್ದಕ್ಕಾಗಿ ವೆಂಕಟರವಣಪ್ಪನವರಿಗೆ ಶಾಲು, ಹಾರ, ಗಂಧದ ಪೆಟ್ಟಿಗೆ. ಚೆನ್ನರಾಯಪ್ಪನವರಿಗೂ ಆಮಂತ್ರಣ ಹೋಗಿತ್ತು. ಮುನಿಶಾಮಮ್ಮನ ಜೊತೆ ಮೂರನೆಯ ಸಾಲಿನಲ್ಲಿ ಕೂತಿದ್ದರು. ಎರಡು ಮಾತು ಆಡಿ ಎಂದು ಮೈಕು ಕೊಟ್ಟಾಗ ವೆಂಕಟರವಣಪ್ಪ ತಬ್ಬಿಬ್ಬಾದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ.

"ನಾನೇನೂ ಮಾಡ್ಲಿಲ್ಲ ಸ್ವಾಮಿ. ಯಾರನ್ನೂ ಹತ್ರ ಸೇರಿಸ್ಲಿಲ್ಲ, ಅಷ್ಟೇ," ಎಂದು ಕೂತುಬಿಟ್ಟರು.

ಇಂಥ ವಿನಯವನ್ನು ಈ ಕಾಲದಲ್ಲಿ ಕಾಣುವುದು ಅಪರೂಪ ಎಂದು ಅಧ್ಯಕ್ಷರು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಮುನಿಶಾಮಮ್ಮ ಗಂಡನ ಕಡೆ ನೋಡಿದರು. ಚೆನ್ನರಾಯಪ್ಪನವರಿಗೆ ನಗು ಬಂದಿತ್ತು. ಭುಜ ಅಲುಗುವಷ್ಟು ಜೋರಾಗಿ ಬಂದು, ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಆ ನಗು ಎಲ್ಲಿ ನಿಂತಿತು, ಕಣ್ಣು ಯಾವಾಗ ಒದ್ದೆಯಾಯಿತು ಎಂಬುದು ಪಕ್ಕದಲ್ಲಿದ್ದ ಆಕೆಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಶೈಸ್ತಾ ಬಂದು, ನಾನು ಬರೆದದ್ದನ್ನು ತೆಗೆಸಿಬಿಟ್ಟರು ಎಂದು ತಲೆ ತಗ್ಗಿಸಿದಳು. ತೆಗೆದರೆ ತೆಗೆಯಲಿ ಬಿಡಮ್ಮ, ನಾನೂ ವರ್ಷ ವರ್ಷ ಸುಳ್ಳೇ ಬರೆದವನು ಎಂದು ಚೆನ್ನರಾಯಪ್ಪ ಅವಳನ್ನು ಸಮಾಧಾನ ಮಾಡಿದರು. ಆಮೇಲೆ ನೇರವಾಗಿ ವೆಂಕಟರವಣಪ್ಪನವರ ಮೇಜಿನ ಹತ್ತಿರ ಹೋಗಿ, ನಿಮ್ಮ ಬಾವಿಯಿಂದ ಐವತ್ತು ಮೀನು ಬೇಕು ಎಂದರು. ಮುದುಕರು ಒಪ್ಪಿದರು. ಹಾರ ಇನ್ನೂ ಕೊರಳಲ್ಲೇ ಇತ್ತು. ದನಿ ತಗ್ಗಿಸಿ, "ನನ್ ಮಗ ಇಲ್ದಾಗ ಬಾ. ಬಾವಿಗೆ ಬೇಲಿ ಹಾಕ್ಸಿ ಬೋರ್ಡ್ ನಿಲ್ಲಿಸ್ತೀನಿ ಅಂತಾವ್ನೆ," ಎಂದರು.

"ಅವರು ಇದ್ದಾಗ್ಲೇ ಬರ್ತೀನಿ," ಎಂದರು ಚೆನ್ನರಾಯಪ್ಪ.

ಹಾಗೆಯೇ ಹೋದರು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಡೀ ಊರು ಎದ್ದು ಓಡಾಡುವ ಹೊತ್ತಿನಲ್ಲಿ, ರಾಗಿ ಖಾಲಿ ಮಾಡಿಸಿದ ಡಬ್ಬ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು. ಮಗ ಎದುರಿಗೆ ಬಂದು ನಿಂತು, ಇಲಾಖೆಯ ಪರ್ಮಿಷನ್ ಇದೆಯೇ ಎಂದು ಕೇಳಿದ. ಇಲ್ಲ ಎಂದರು. ಅವನು ಜಗಲಿಯ ಮೇಲಿದ್ದ ಅಪ್ಪನ ಕಡೆ ನೋಡಿದ. ವೆಂಕಟರವಣಪ್ಪ ಪೇಪರ್ ಓದುತ್ತಿದ್ದರು, ಅಥವಾ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಇಳಿದರು. ಮುನಿಶಾಮಮ್ಮ ಕೈಕಾಲು ಮುಖ ಸಾವಕಾಶವಾಗಿ ತೊಳೆದುಕೊಂಡರು, ಅದಕ್ಕೆಂದೇ ಬಂದವರಂತೆ.

ಮನೆಯ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಮೀನುಗಳು ಹೊಂದಿಕೊಂಡವು. ಮೊಟ್ಟೆ ಇಡಲೆಂದು ಚೆನ್ನರಾಯಪ್ಪ ತೆಂಗಿನ ನಾರಿನ ಕುಚ್ಚು ಇಳಿಬಿಟ್ಟರು. ಮೊದಲ ಸಲದ ಮರಿಗಳನ್ನು ದೊಡ್ಡ ಮೀನುಗಳೇ ನುಂಗಿದವು. ಸ್ವದೇಶಿಯೂ ಕಡಿಮೆಯದಲ್ಲ ಎಂದು ತಿಳಿದು, ಎರಡನೆಯ ಸಲ ನಾರನ್ನೇ ಬೇರೆ ಬೋಸಿಗೆ ತೆಗೆದಿಟ್ಟರು. ಆ ವರ್ಷದ ಕೊನೆಗೆ ಹಂಚುವಷ್ಟಾದವು. ಹಳ್ಳಗಳಲ್ಲಿ ಏನೂ ಮಾಡುವಂತಿರಲಿಲ್ಲ. ಅಲ್ಲಿ ಸರ್ಕಾರಿ ಮೀನಿನ ರಾಜ್ಯಭಾರ ಮುಗಿಸುವುದು ಯಾರ ಕೈಯಲ್ಲೂ ಇಲ್ಲವೆಂದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಮನೆಗಳ ತೊಟ್ಟಿ, ಹೊರಗಿನ ನೀರು ಸೇರದ ಬಾವಿ ಇಂಥವನ್ನು ಹುಡುಕಿದರು. ಹಳೆಯ ಮೊಪೆಡ್ಡಿನ ಹಿಂದೆ ಡಬ್ಬ ಬಿಗಿದು ಹೊರಟಾಗ, ರಿಟೈರ್ ಆಗಿದ್ದವರನ್ನು ವಾಪಸು ತೆಗೆದುಕೊಂಡರಾ ಎಂದು ಜನ ಕೇಳುತ್ತಿದ್ದರು.

ಕೆಂಚಾರ್ಲಹಳ್ಳಿಯ ಚಿಕ್ಕವೆಂಕಟಮ್ಮ ಹುಳು ಸಾಕುವ ಹೆಂಗಸು. ಆಕೆಯ ಹಿತ್ತಿಲ ತೊಟ್ಟಿಯ ತುಂಬ ಸೊಳ್ಳೆಮರಿ. ಚೆನ್ನರಾಯಪ್ಪ ಡಬ್ಬದ ಮುಚ್ಚಳ ತೆಗೆದು ಮೀನು ತೋರಿಸಿದರು. ಆಕೆ ಬಗ್ಗಿ ನೋಡಿ, ಇದು ಮೊದಲು ಬಿಡುತ್ತಿದ್ದ ಮೀನಲ್ಲ, ಯಾವುದಿದು ಎಂದು ಕೇಳಿದರು. ಅದು ಪರದೇಶದ್ದು, ಇದು ನಮ್ಮ ಸೀಮೆಯದೇ ಎಂದು ಚೆನ್ನರಾಯಪ್ಪ ಉತ್ಸಾಹದಿಂದ ವಿವರಿಸತೊಡಗಿದರು. ಆಕೆಯ ಮುಖ ಸಪ್ಪಗಾಯಿತು.

"ನಮ್ದೇನಾ," ಎಂದರು. "ಇರ್ಲಿ, ತಂದಿದ್ದೀರಲ್ಲ, ಈಗ ಇದನ್ನೇ ಬಿಡಿ. ಮುಂದಿನ ಸಲ ಬರ್ತಾ ಫಾರಿನ್ ಮೀನೇ ತನ್ನಿ."

ಚೆನ್ನರಾಯಪ್ಪ ಆಗಲಿ ಎಂದು ತಲೆಯಾಡಿಸಿ, ಡಬ್ಬವನ್ನು ಮೆಲ್ಲಗೆ ತೊಟ್ಟಿಗೆ ಬಗ್ಗಿಸಿದರು.